ಎಡಕ್ಕೊಂದು ಸೈಜ್, ಬಲಕ್ಕೊಂದು ಸೈಜ್

ಚಪ್ಪಲಿ ಅಂಗಡಿಯಲ್ಲಿ ಎಲ್ಲವೂ ಜೋಡಿ. ಡಬ್ಬಿಯ ಮೇಲೆ ಒಂದೇ ಸೈಜ್, ಒಂದೇ ಬೆಲೆ. ಆದರೆ ಪೋಲಿಯೊದಿಂದ ಒಂದು ಪಾದ ಚಿಕ್ಕದಾಗಿಯೇ ಉಳಿದವರು, ಅಪಘಾತದಲ್ಲೋ ಗ್ಯಾಂಗ್ರಿನ್‌ನಿಂದಲೋ ಕಾಲು ಕಳೆದುಕೊಂಡವರು, ಸಕ್ಕರೆ ಕಾಯಿಲೆಯಿಂದ ಬೆರಳು ತೆಗೆಸಿಕೊಂಡವರು, ಆನೆಕಾಲು ರೋಗದಿಂದ ಒಂದು ಪಾದ ಊದಿಕೊಂಡವರು ನಮ್ಮ ನಡುವೆ ಬೇಕಾದಷ್ಟು ಜನ ಇದ್ದಾರೆ. ಇವರಲ್ಲಿ ಬಹಳ ಮಂದಿಗೆ ಆ ಡಬ್ಬಿಯ ಅರ್ಧ ಸರಕು ಕೆಲಸಕ್ಕೆ ಬಾರದು. ಬೆಲೆ ಮಾತ್ರ ಪೂರ್ತಿ ಕೊಡಬೇಕು.

ಹೆಚ್ಚಿನವರು ಮಾಡುವುದು ಎರಡರಲ್ಲೊಂದು. ದೊಡ್ಡ ಪಾದಕ್ಕೆ ಹೊಂದುವ ಜೋಡಿ ತಂದು ಚಿಕ್ಕ ಪಾದದ ಕಡೆ ಹತ್ತಿಯನ್ನೋ ಹಳೆ ಬಟ್ಟೆಯನ್ನೋ ತುರುಕುತ್ತಾರೆ. ಇಲ್ಲವೇ ಎರಡು ಜೋಡಿ ಕೊಂಡು, ಬೇಡದ ಎರಡು ಒಂಟಿಗಳನ್ನು ಅಟ್ಟಕ್ಕೆ ಹಾಕುತ್ತಾರೆ. ಮೊದಲನೆಯದು ಕಾಲಿಗೆ ನಷ್ಟ, ಎರಡನೆಯದು ಜೇಬಿಗೆ. ಇವೆರಡರ ನಡುವೆ ದಾರಿಗಳಿವೆ. ದುಬಾರಿಯ ವಿಶೇಷ ಪಾದರಕ್ಷೆ ಎಲ್ಲರಿಗೂ ಬೇಕಾಗಿಲ್ಲ. ಸರಿಯಾಗಿ ಆರಿಸಿದ ಮಾಮೂಲಿ ಚಪ್ಪಲಿ, ಅದರ ಮೇಲೆ ಪಳಗಿದ ಕೈಯಿಂದ ಒಂದು ಸಣ್ಣ ಬದಲಾವಣೆ, ಬಹಳಷ್ಟು ಜನರಿಗೆ ಇಷ್ಟೇ ಸಾಕು. ಕೆಲವರಿಗೆ ಮಾತ್ರ ಇದು ಸಾಲದು, ಅವರು ಖರ್ಚಿಗೆ ಹಿಂಜರಿಯಬಾರದು. ನಾನು ಯಾವ ಗುಂಪಿನವನು ಎಂದು ತಿಳಿದರೆ ಹಣವೂ ಉಳಿಯುತ್ತದೆ, ಕಾಲೂ ಉಳಿಯುತ್ತದೆ.

ಮೊದಲು ಅಳತೆ, ಆಮೇಲೆ ಅಂಗಡಿ

ಅಂಗಡಿಗೆ ಹೋಗಿ "ಏಳು ಕೊಡಿ" ಎನ್ನುವ ಅಭ್ಯಾಸ ಬಿಡಿ. ಎರಡೂ ಪಾದಗಳನ್ನು ಬೇರೆ ಬೇರೆ ಅಳೆಯಿರಿ. ಸಂಜೆ ಹೊತ್ತು ಒಳ್ಳೆಯದು, ದಿನವಿಡೀ ಓಡಾಡಿದ ಪಾದ ಬೆಳಗ್ಗೆಗಿಂತ ಸ್ವಲ್ಪ ಉಬ್ಬಿರುತ್ತದೆ. ಗೋಡೆಗೆ ತಾಗಿಸಿ ನೆಲದ ಮೇಲೆ ಬಿಳಿ ಹಾಳೆ ಇಡಿ, ಹಿಮ್ಮಡಿ ಗೋಡೆಗೆ ಒತ್ತುವಂತೆ ಮೈಭಾರ ಬಿಟ್ಟು ನಿಲ್ಲಿ. ಇನ್ನೊಬ್ಬರು ಪೆನ್ಸಿಲನ್ನು ನೆಟ್ಟಗೆ ಹಿಡಿದು ಪಾದದ ಸುತ್ತ ಗೆರೆ ಎಳೆಯಲಿ. ಪೆನ್ಸಿಲ್ ಒಳಕ್ಕೆ ವಾಲಿದರೆ ಅಳತೆ ಕಿರಿದಾಗುತ್ತದೆ. ನಿಲ್ಲಲಾಗದವರು ಕುರ್ಚಿಯಲ್ಲಿ ಕುಳಿತು, ಮಂಡಿಯ ಮೇಲೆ ಕೈಯೂರಿ ಒತ್ತಿದರೂ ಆದೀತು.

ನಾಲ್ಕು ಸಂಖ್ಯೆಗಳನ್ನು ಬರೆದುಕೊಳ್ಳಿ: ಹಿಮ್ಮಡಿಯಿಂದ ಅತಿ ಉದ್ದದ ಬೆರಳಿನವರೆಗಿನ ಉದ್ದ, ಬೆರಳುಗಳ ಬುಡದಲ್ಲಿ ಪಾದದ ಅಗಲ, ಅದೇ ಜಾಗದ ಸುತ್ತಳತೆ, ಪಾದದ ಮೇಲ್ಭಾಗದ ಉಬ್ಬಿನ ಸುತ್ತಳತೆ. ಸುತ್ತಳತೆಗೆ ದರ್ಜಿಯ ಟೇಪ್ ಸಾಕು. ಕಾಲಿಗೆ ಆಸರೆಯಾಗಿ ಕ್ಯಾಲಿಪರ್ ಹಾಕುವವರು ಅದನ್ನು ಹಾಕಿಕೊಂಡೇ ಅಳೆಯಬೇಕು. ಶೂ ಒಳಗೆ ಕೂರುವ ಪ್ಲಾಸ್ಟಿಕ್ ಕ್ಯಾಲಿಪರ್‌ನಿಂದಾಗಿ, ಚಿಕ್ಕ ಪಾದಕ್ಕೇ ಅಗಲವಾದ ಶೂ ಬೇಕಾಗಿಬರುವುದುಂಟು. ಕೃತಕ ಪಾದವನ್ನೂ ಅಳೆಯಿರಿ. ಹಲವು ಕೃತಕ ಪಾದಗಳ ಮೇಲೆ ಸೆಂಟಿಮೀಟರ್ ಲೆಕ್ಕದಲ್ಲಿ ಸೈಜ್ ನಮೂದಿಸಿರುತ್ತಾರೆ.

ಈಗ ಲೆಕ್ಕ. ನಮ್ಮ ಅಂಗಡಿಗಳಲ್ಲಿ ಹೆಚ್ಚಾಗಿ ನಡೆಯುವುದು ಬ್ರಿಟಿಷ್ ನಂಬರ್. ಅದರಲ್ಲಿ ಒಂದು ನಂಬರಿಗೂ ಮುಂದಿನ ನಂಬರಿಗೂ ಸುಮಾರು ಎಂಟೂವರೆ ಮಿಲಿಮೀಟರ್ ಅಂತರ. 38, 39, 40 ಎಂದು ಬರೆದಿರುವ ಯುರೋಪಿನ ನಂಬರುಗಳಲ್ಲಿ ಅಂತರ ಇನ್ನೂ ಕಡಿಮೆ, ಆರೂಮುಕ್ಕಾಲು ಮಿಲಿಮೀಟರಿನಷ್ಟು. ನಿಮ್ಮ ಎಡ ಪಾದ 245 ಮಿ.ಮೀ., ಬಲ ಪಾದ 228 ಮಿ.ಮೀ. ಇದ್ದರೆ ವ್ಯತ್ಯಾಸ 17 ಮಿ.ಮೀ., ಅಂದರೆ ಎರಡು ಬ್ರಿಟಿಷ್ ಸೈಜ್. ಈ ಚೀಟಿಯ ಫೋಟೊ ಮೊಬೈಲಿನಲ್ಲಿರಲಿ, ಗೆರೆ ಎಳೆದ ಹಾಳೆ ಕೈಯಲ್ಲಿರಲಿ. ಅಂಗಡಿಯಲ್ಲಿ ಶೂ ಒಳಗಿನ ಮೆತ್ತೆಯನ್ನು ಹೊರತೆಗೆದು ಪಾದದ ಚಿತ್ರದ ಮೇಲಿಟ್ಟು ನೋಡಿ. ಉದ್ದದ ಬೆರಳಿನ ಮುಂದೆ ಒಂದು ಸೆಂಟಿಮೀಟರಿನಷ್ಟು ಜಾಗ ಉಳಿದರೆ ಅದು ನಿಮ್ಮ ಸೈಜ್.

ಎಷ್ಟು ವ್ಯತ್ಯಾಸಕ್ಕೆ ಯಾವ ಉಪಾಯ

ನಾಲ್ಕೈದು ಮಿಲಿಮೀಟರ್ ಹೆಚ್ಚುಕಡಿಮೆ ಇರುವುದು ಮಾಮೂಲು. ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ. ಅಲ್ಲಿ ತಲೆಕೆಡಿಸಿಕೊಳ್ಳಬೇಕಿಲ್ಲ, ದೊಡ್ಡ ಪಾದಕ್ಕೆ ಸರಿಹೋಗುವುದನ್ನು ಕೊಳ್ಳಿ.

ಒಂದು ಸೈಜಿನವರೆಗಿನ ವ್ಯತ್ಯಾಸಕ್ಕೆ ಜೋಡಿ ಒಂದೇ ಸಾಕು, ಆದರೆ ತುಂಬುವ ಜಾಗ ಸರಿಯಿರಬೇಕು. ಬೆರಳಿನ ಮುಂದೆ ಹತ್ತಿ ತುರುಕಿದರೆ ಪಾದ ಮುಂದಕ್ಕೆ ಜಾರುವುದು ನಿಲ್ಲಬಹುದು, ತೊಂದರೆ ಬೇರೆ ಕಡೆ ಶುರುವಾಗುತ್ತದೆ. ಹೆಜ್ಜೆ ಇಡುವಾಗ ಪಾದ ಮಡಚುವುದು ಬೆರಳುಗಳ ಬುಡದಲ್ಲಿ. ಶೂ ಕೂಡ ಅಲ್ಲೇ ಮಡಚಬೇಕು. ದೊಡ್ಡ ಶೂನಲ್ಲಿ ಆ ಮಡಿಕೆ ಮುಂದೆ ಸರಿದಿರುತ್ತದೆ, ಹಾಗಾಗಿ ಅದು ಬೆರಳುಗಳ ಮೇಲೆ ಒತ್ತಿ ಗುಳ್ಳೆ ಎಬ್ಬಿಸುತ್ತದೆ. ತುಂಬಬೇಕಾದದ್ದು ಕೆಳಗಿನಿಂದ ಮತ್ತು ಮೇಲಿನಿಂದ. ಪೂರ್ತಿ ಪಾದದ ಉದ್ದಕ್ಕೂ ಒಂದು ಮೆತ್ತೆ, ಲೇಸ್ ಕೆಳಗಿನ ನಾಲಿಗೆಯ ಒಳಬದಿಗೆ ಅಂಟಿಸಿದ ಇನ್ನೊಂದು ತುಂಡು, ಹಿಮ್ಮಡಿ ಜಾರದಂತೆ ಹಿಂಭಾಗದಲ್ಲಿ ತೆಳುವಾದ ಸ್ಪಂಜ್. ಹಳೆಯ ಶೂಗಳ ಮೆತ್ತೆ ಎಸೆಯದೆ ಇಟ್ಟುಕೊಂಡರೆ ಈ ಕೆಲಸ ಬಿಟ್ಟಿಯಾಗಿಯೇ ಆಗುತ್ತದೆ.

ಒಂದರಿಂದ ಎರಡು ಸೈಜಿನ ವ್ಯತ್ಯಾಸಕ್ಕೆ ಸ್ಯಾಂಡಲ್ ಅನುಕೂಲ. ಬೆರಳಿನ ಬುಡ, ಪಾದದ ಮೇಲೆ, ಹಿಮ್ಮಡಿಯ ಹಿಂದೆ, ಹೀಗೆ ಮೂರು ಕಡೆ ವೆಲ್ಕ್ರೊ ಅಥವಾ ಬಕಲ್ ಇರುವುದನ್ನು ಆರಿಸಿ. ಚಿಕ್ಕ ಪಾದದ ಪಟ್ಟಿಗಳನ್ನು ಬಿಗಿಮಾಡಿ, ಮಿಕ್ಕ ಉದ್ದವನ್ನು ಕತ್ತರಿಸಿ ಹೊಲಿಸಬಹುದು. ಮುಂದೆ ಚಾಚಿಕೊಂಡ ಅಟ್ಟೆಯನ್ನು ಪಾದದ ಗೆರೆಗೆ ತಕ್ಕಂತೆ ಕೊಯ್ಸಬಹುದು. ಆನೆಕಾಲು ಇರುವವರಿಗೂ ಇದೇ ಬಗೆ ಸೂಕ್ತ, ಯಾಕೆಂದರೆ ಊತ ಬೆಳಗ್ಗೆ ಒಂದು ಥರ, ಸಂಜೆ ಒಂದು ಥರ. ಕಲಬುರಗಿ, ಬೀದರ್, ಯಾದಗಿರಿ ಕಡೆ ಈ ತೊಂದರೆ ಹಿಂದಿನಿಂದಲೂ ಇದೆ. ಅಂಥವರು ಒಂದೇ ಅಳತೆಗೆ ಹೊಲಿದ ಪಟ್ಟಿಯ ಚಪ್ಪಲಿ ಕೊಳ್ಳಬಾರದು, ಊತ ಏರಿದ ಹೊತ್ತಿಗೆ ಪಟ್ಟಿ ಚರ್ಮವನ್ನು ಕೊರೆಯುತ್ತದೆ.

ಎರಡು ಸೈಜಿಗಿಂತ ಹೆಚ್ಚಿದ್ದರೆ ಎರಡು ಜೋಡಿ ಕೊಳ್ಳಬೇಕು, ಇಲ್ಲವೇ ಹೇಳಿ ಮಾಡಿಸಬೇಕು. ಎರಡು ಜೋಡಿ ಕೊಳ್ಳುವುದಾದರೆ ಫ್ಯಾಷನ್ ಮಾಲಿನ ಹಿಂದೆ ಹೋಗಬೇಡಿ. ವರ್ಷಗಟ್ಟಲೆ ಬದಲಾಗದೆ ಬರುವ ಮಾದರಿಗಳೇ ಲಾಭ: ಕಪ್ಪು ಸ್ಕೂಲ್ ಶೂ, ಬಿಳಿ ಕ್ಯಾನ್ವಾಸ್, ಹವಾಯಿ, ಸಾದಾ ಸ್ಯಾಂಡಲ್. ಒಂದು ಕಾಲಿನದು ಬೇಗ ಸವೆದರೂ ಅದೇ ಮಾದರಿ ಮತ್ತೆ ಸಿಗುತ್ತದೆ. ಸಣ್ಣ ಊರಿನ ಪರಿಚಯದ ಅಂಗಡಿಯವರಾದರೆ, ಸರಕು ತರಿಸುವ ಮೊದಲೇ ಹೇಳಿಟ್ಟರೆ, ಎರಡನೆಯ ಜೋಡಿಯ ಬೆಲೆಯಲ್ಲಿ ಬಿಡುವುದುಂಟು. ಷೋಕೇಸಿನಲ್ಲಿಟ್ಟು ಜೊತೆ ತಪ್ಪಿಹೋದ ಒಂಟಿಗಳು ಅವರ ಗೋದಾಮಿನಲ್ಲಿರುತ್ತವೆ. ಅವನ್ನೂ ಕೇಳಿ ನೋಡಿ.

ಕೃತಕ ಕಾಲಿಗೆ ಶೂ ಆರಿಸುವಾಗ

ಇಲ್ಲಿ ಸೈಜ್ ದೊಡ್ಡ ತಲೆನೋವಲ್ಲ. ಕಾಲು ಮಾಡುವವರು ಇನ್ನೊಂದು ಪಾದದ ಅಳತೆಗೇ ಕೃತಕ ಪಾದ ಜೋಡಿಸುವುದರಿಂದ ಒಂದೇ ಜೋಡಿ ಎರಡಕ್ಕೂ ಆಗುತ್ತದೆ. ನೋಡಬೇಕಾದದ್ದು ಹಿಮ್ಮಡಿಯ ಎತ್ತರ. ಜೀವಂತ ಕಾಲಿನ ಕಣಕಾಲು ಎತ್ತರಕ್ಕೆ ತಕ್ಕಂತೆ ಬಾಗುತ್ತದೆ. ಸಾಮಾನ್ಯ ಕೃತಕ ಪಾದ ಹಾಗೆ ಬಾಗುವುದಿಲ್ಲ. ಕಾಲು ಜೋಡಿಸುವಾಗ ಯಾವ ಎತ್ತರದ ಶೂಗೆಂದು ಹೊಂದಿಸಿದ್ದರೋ ಆ ಎತ್ತರವನ್ನೇ ಕೊನೆಯವರೆಗೂ ಪಾಲಿಸಬೇಕು. ಎತ್ತರ ಹೆಚ್ಚಾದರೆ ಮಂಡಿ, ಹಿಂದಿನಿಂದ ಯಾರೋ ನೂಕಿದಂತೆ, ಮುಂದಕ್ಕೆ ಬಾಗುತ್ತದೆ. ಮಂಡಿಯ ಮೇಲೆ ಕಾಲು ಕಳೆದುಕೊಂಡವರು ಇದರಿಂದ ಬೀಳುವುದೂ ಉಂಟು. ಎತ್ತರ ಕಡಿಮೆಯಾದರೆ ಮಂಡಿ ಹಿಂದಕ್ಕೆ ಎಳೆಯುತ್ತದೆ, ಸಮತಟ್ಟು ರಸ್ತೆಯೇ ಏರಾಗಿ ದಣಿಸುತ್ತದೆ, ಉಳಿದ ಕಾಲಿನ ತುದಿ ನೋಯುತ್ತದೆ.

ಎತ್ತರ ಅಳೆಯುವುದು ಸುಲಭ. ಸ್ಕೇಲ್ ಹಿಡಿದು ಹಿಮ್ಮಡಿಯ ಕೆಳಗಿನ ಅಟ್ಟೆಯ ದಪ್ಪ ನೋಡಿ, ಬೆರಳಿನ ಬುಡದ ಕೆಳಗಿನ ದಪ್ಪ ನೋಡಿ, ಮೊದಲನೆಯದರಿಂದ ಎರಡನೆಯದನ್ನು ಕಳೆಯಿರಿ. ಹಿಂದೆ 28 ಮಿ.ಮೀ., ಮುಂದೆ 18 ಮಿ.ಮೀ. ಇದ್ದರೆ ನಿಜವಾದ ಎತ್ತರ 10 ಮಿ.ಮೀ. ನೋಡಲು ಎತ್ತರವಾಗಿದ್ದರೂ ಮುಂದೆ ಹಿಂದೆ ಒಂದೇ ದಪ್ಪವಿರುವ ಚಪ್ಪಲಿಯಲ್ಲಿ ಈ ಲೆಕ್ಕ ಸೊನ್ನೆ. ಹಳೆಯ ಶೂ ಸರಿಹೊಂದಿದ್ದರೆ ಅದರ ಸಂಖ್ಯೆ ಬರೆದಿಟ್ಟುಕೊಂಡು, ಹೊಸದನ್ನು ಅದೇ ಸಂಖ್ಯೆಗೆ ಹುಡುಕಿ.

ಯಾವ ಪಾದ ನಿಮ್ಮದು ಎಂಬುದೂ ಮುಖ್ಯ. ಜೈಪುರ ಪಾದ ಹುಟ್ಟಿದ್ದೇ ಬರಿಗಾಲಲ್ಲಿ ನಡೆಯುವ, ಚಕ್ಕಂಬಕ್ಕಳ ಹಾಕಿ ಕೂರುವ, ಗದ್ದೆಯ ಕೆಸರಿಗಿಳಿಯುವ ಜನರಿಗಾಗಿ. 1960ರ ದಶಕದ ಕೊನೆಯಲ್ಲಿ ಜೈಪುರದ ಕುಶಲಕರ್ಮಿ ರಾಮಚಂದ್ರ ಶರ್ಮ ಮತ್ತು ವೈದ್ಯ ಪಿ.ಕೆ. ಸೇಠಿ ಇದನ್ನು ರೂಪಿಸಿದರು. 1975ರಲ್ಲಿ ಡಿ.ಆರ್. ಮೆಹ್ತಾ ಕಟ್ಟಿದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿ ಅದನ್ನು ಲಕ್ಷಾಂತರ ಜನರಿಗೆ ಉಚಿತವಾಗಿ ತಲುಪಿಸಿತು. ರಬ್ಬರಿನ ಈ ಪಾದದವರು ಮಟ್ಟಸ ಅಟ್ಟೆಯ ಚಪ್ಪಲಿಯನ್ನೇ ನೋಡಬೇಕು. ಇನ್ನೊಂದು ಬಗೆ, ಆಸ್ಪತ್ರೆಗಳಲ್ಲಿ 'ಸ್ಯಾಚ್' ಎನ್ನುವ ಪಾದ. ಇದು ಶೂ ಹಾಕಿ ನಡೆಯಲೆಂದೇ ಮಾಡಿದ್ದು. ಸಾಮಾನ್ಯವಾಗಿ 10 ಅಥವಾ 18 ಮಿ.ಮೀ. ಹಿಮ್ಮಡಿಗೆ ಹೊಂದಿಸಿರುತ್ತಾರೆ.

ಮನೆಯೊಳಗೆ, ದೇವಸ್ಥಾನದಲ್ಲಿ, ನೆಂಟರ ಮನೆಯ ಹೊಸ್ತಿಲಲ್ಲಿ ಚಪ್ಪಲಿ ಬಿಡುವ ನಮ್ಮ ರೂಢಿಗೂ ಸ್ಯಾಚ್ ಪಾದಕ್ಕೂ ಕೂಡಿಬರುವುದಿಲ್ಲ. ಶೂ ಬಿಚ್ಚಿದ ಕೂಡಲೇ ಹಿಮ್ಮಡಿ ತಗ್ಗಿ, ಮೈ ಹಿಂದಕ್ಕೆ ವಾಲುತ್ತದೆ. ಮನೆಯೊಳಗೆ ಹಾಕಲೆಂದೇ ಅದೇ ಎತ್ತರದ ತೊಳೆದಿಟ್ಟ ಸ್ಯಾಂಡಲ್ ಒಂದು ಜೋಡಿ ಇರಲಿ. ಹೊರಗಡೆ ಬಿಡಲೇಬೇಕಾದ ಜಾಗಕ್ಕೆ, ಸಾಕ್ಸಿನೊಳಗೆ ಹಿಮ್ಮಡಿಯ ಕೆಳಗೆ ಇಟ್ಟುಕೊಳ್ಳುವ ಬೆಣೆಯಾಕಾರದ ರಬ್ಬರ್ ತುಂಡನ್ನು ಕೃತಕ ಕಾಲಿನ ಕೇಂದ್ರದಲ್ಲೇ ಕೇಳಿ ಮಾಡಿಸಿಕೊಳ್ಳಿ. ಹೊಸ ಕಾಲಿಗೆ ಅಳತೆ ಕೊಡುವ ದಿನವೇ ನೀವು ದಿನನಿತ್ಯ ಹಾಕುವ ಶೂವನ್ನು ಜೊತೆಗೆ ಒಯ್ಯಿರಿ. ಹೊಲದಲ್ಲಿ ಓಡಾಡುವವರಾದರೆ ಅದನ್ನೂ ಹೇಳಿ. ಅವರು ಕೇಳದಿದ್ದರೂ ನೀವಾಗಿಯೇ ಹೇಳಿ.

ಬೇರೆ ಗಮನಿಸಬೇಕಾದವು ಹೀಗಿವೆ. ಬಾಯಿ ಅಗಲವಾಗಿ ತೆರೆಯುವ ಶೂ ಬೇಕು. ಲೇಸ್ ಬೆರಳಿನ ಹತ್ತಿರದವರೆಗೂ ಇಳಿದಿರಲಿ. ತೂಕದ ಬೂಟು ಕೃತಕ ಕಾಲನ್ನು ಕೆಳಗೆ ಎಳೆಯುತ್ತದೆ, ಹಗುರವಾದದ್ದನ್ನೇ ನೋಡಿ. ಹವಾಯಿಯ ಬಾರನ್ನು ಕೃತಕ ಬೆರಳು ಹಿಡಿದುಕೊಳ್ಳಲಾರದು, ಹೀಗಾಗಿ ಹಿಮ್ಮಡಿಯ ಹಿಂದೆ ಎಲಾಸ್ಟಿಕ್ ಪಟ್ಟಿ ಹೊಲಿಸಬೇಕು. ಶೂ ಹಾಕುವಾಗ ಕಾಲನ್ನು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು, ಪಾದಕ್ಕೆ ತೆಳುವಾದ ಪ್ಲಾಸ್ಟಿಕ್ ಕವರ್ ಸುತ್ತಿ ಒಳಗೆ ತಳ್ಳಿ. ಸಲೀಸಾಗಿ ಜಾರುತ್ತದೆ. ಪಾದ ಕೂತ ಮೇಲೆ ಕವರನ್ನು ಎಳೆದು ತೆಗೆಯಿರಿ. ಬಿಗಿ ಶೂ ಇಷ್ಟವಾದರೆ ಅದರ ಹಿಂಭಾಗ ಸೀಳಿ ಜಿಪ್ ಹಾಕಿಸಬಹುದು. ಅಟ್ಟೆಗೆ ಹಿಡಿತವಿರಲಿ. ನಮ್ಮ ಮಳೆಗಾಲದ ಮೊಸಾಯಿಕ್ ನೆಲ ಯಾರನ್ನೂ ಬಿಡುವುದಿಲ್ಲ.

ಕೃತಕ ಕಾಲು ಹಾಕದೆ ಊರುಗೋಲಿನಲ್ಲೇ ಓಡಾಡುವವರ ಮೈಭಾರವೆಲ್ಲ ಒಂದೇ ಶೂ ಮೇಲೆ. ಅದು ಬೇಗ ಸವೆಯುತ್ತದೆ. ಅಟ್ಟೆಯ ಗೆರೆಗಳು ಮಾಸಿದ ದಿನವೇ ಬದಲಿಸಿ, ಅಂಗುಲಗಟ್ಟಲೆ ತೇಯಲಿ ಎಂದು ಕಾಯಬೇಡಿ.

ಒಂದು ಕಾಲು ಗಿಡ್ಡವಾಗಿದ್ದರೆ

ಪೋಲಿಯೊ, ಹಳೆಯ ಮೂಳೆ ಮುರಿತ, ಹುಟ್ಟಿನಿಂದ ಬಂದ ಸೊಟ್ಟಪಾದ, ಇವುಗಳಲ್ಲಿ ಪಾದದ ಜೊತೆಗೆ ಕಾಲಿನ ಉದ್ದವೂ ಕಡಿಮೆಯಾಗಿರಬಹುದು. ಸೊಟ್ಟಪಾದಕ್ಕೆ ಚಿಕಿತ್ಸೆ ಚೆನ್ನಾಗಿ ಆದ ಮೇಲೂ ಆ ಪಾದ ಸಾಮಾನ್ಯವಾಗಿ ಒಂದು, ಒಂದೂವರೆ ಸೈಜ್ ಚಿಕ್ಕದೇ. ಭಾರತ ಪೋಲಿಯೊಮುಕ್ತ ಎಂದು 2014ರಲ್ಲಿ ಘೋಷಣೆಯಾದರೂ, ಅದಕ್ಕೂ ಮೊದಲು ಪೋಲಿಯೊ ತಗುಲಿದ ಎಷ್ಟೋ ಜನ ಇಂದು ನಡುವಯಸ್ಸಿನಲ್ಲಿದ್ದಾರೆ. ವರ್ಷಗಳಿಂದ ವಾಲಿ ನಡೆದು ಸೊಂಟ, ಬೆನ್ನು ಈಗ ಲೆಕ್ಕ ಕೇಳುತ್ತಿವೆ.

ಎತ್ತರದ ವ್ಯತ್ಯಾಸ ಒಂದು ಸೆಂಟಿಮೀಟರಿನ ಒಳಗಿದ್ದರೆ ಶೂ ಒಳಗೇ ಮೆತ್ತೆ ಹಾಕಬಹುದು. ಅದಕ್ಕಿಂತ ಹೆಚ್ಚು ಒಳಗೆ ತುರುಕಿದರೆ ಹಿಮ್ಮಡಿ ಮೇಲೆದ್ದು ಶೂ ಕಳಚುತ್ತದೆ. ಆಗ ಹೊರಗಿನ ಅಟ್ಟೆಯನ್ನೇ ಎತ್ತರಿಸಬೇಕು. ಎಷ್ಟು ಎತ್ತರಿಸಬೇಕು ಎಂಬುದನ್ನು ಮೂಳೆ ವೈದ್ಯರು ಅಥವಾ ಫಿಸಿಯೊಥೆರಪಿಸ್ಟ್ ಹೇಳಲಿ. ಅವರು ಗಿಡ್ಡ ಕಾಲಿನ ಕೆಳಗೆ ತೆಳು ಹಲಗೆಗಳನ್ನು ಒಂದೊಂದಾಗಿ ಇಟ್ಟು, ಸೊಂಟದ ಎರಡೂ ಬದಿ ಸಮವಾಗುವ ಮಟ್ಟ ನೋಡುತ್ತಾರೆ. ಇಡೀ ವ್ಯತ್ಯಾಸವನ್ನು ಒಮ್ಮೆಲೇ ತುಂಬಬಾರದು, ಬೆನ್ನು ಒಪ್ಪುವುದಿಲ್ಲ. ಕ್ಯಾಲಿಪರ್ ಹಾಕುವವರಿಗೆ ಕಾಲು ನೆಲಕ್ಕೆ ತಾಗದೆ ಮುಂದೆ ಬರಲೆಂದು ಸ್ವಲ್ಪ ಕಡಿಮೆಯನ್ನೇ ಇಡುವುದುಂಟು.

ಎತ್ತರಿಸುವ ಕೆಲಸಕ್ಕೆ ಮಟ್ಟಸ ಅಟ್ಟೆಯ ಶೂ ಅಥವಾ ಸ್ಯಾಂಡಲ್ ಒಯ್ಯಿರಿ. ಗಾಳಿ ತುಂಬಿದ, ಉಬ್ಬುತಗ್ಗಿನ ಸ್ಪೋರ್ಟ್ಸ್ ಶೂಗಳ ಅಟ್ಟೆಯಲ್ಲಿ ಅಂಟು ಕೂರುವುದಿಲ್ಲ.

ಎಲ್ಲಿ ದುಡ್ಡು ಉಳಿಸಬಾರದು

ಸಕ್ಕರೆ ಕಾಯಿಲೆ ಅಥವಾ ಕುಷ್ಠರೋಗದಿಂದ ಪಾದದ ಸ್ಪರ್ಶ ಹೋದವರಿಗೆ ಮೇಲಿನ ಉಪಾಯಗಳಲ್ಲಿ ಅರ್ಧ ಅನ್ವಯಿಸುವುದಿಲ್ಲ. ಚಪ್ಪಲಿ ಕಚ್ಚುತ್ತಿದೆ ಎಂದು ತಿಳಿಸುವ ನೋವೇ ಅವರಿಗಿಲ್ಲ. ಸಂಜೆ ಸಾಕ್ಸಿನಲ್ಲಿ ರಕ್ತದ ಕಲೆ ಕಂಡಾಗಲೇ ಗೊತ್ತಾಗುವುದು. ಇಂಥ ಹುಣ್ಣಿನಿಂದ ಬೆರಳು, ಬೆರಳಿನಿಂದ ಪಾದ, ಪಾದದಿಂದ ಕಾಲು ಹೋದವರ ಕಥೆ ಪ್ರತಿ ಜಿಲ್ಲಾಸ್ಪತ್ರೆಯಲ್ಲೂ ಸಿಗುತ್ತದೆ.

ಇವರಿಗೆ ಬೇಕಾದದ್ದು ಎಂಸಿಆರ್ ಚಪ್ಪಲಿ. ಸಣ್ಣ ಸಣ್ಣ ಗಾಳಿಗುಳ್ಳೆಗಳುಳ್ಳ ಮೆತ್ತನೆಯ ರಬ್ಬರಿನ ಒಳಪದರ, ಕೆಳಗೆ ಮುಳ್ಳು ತೂರದಂಥ ಗಟ್ಟಿ ಅಟ್ಟೆ, ಹಿಂದೆ ಪಟ್ಟಿ. ವೆಲ್ಲೂರಿನಲ್ಲಿ ಕುಷ್ಠರೋಗಿಗಳ ಕೈಕಾಲು ಉಳಿಸಲು ದುಡಿದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ಮತ್ತು ಅವರ ಸಂಗಡಿಗರು ಇಂಥ ಪಾದರಕ್ಷೆಗೆ ಬುನಾದಿ ಹಾಕಿದರು. ಕೊಳ್ಳುವ ಮುನ್ನ ಒಂದು ಪರೀಕ್ಷೆ ಮಾಡಿ. ಒಳಪದರವನ್ನು ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಹಿಡಿದು ಜೋರಾಗಿ ಒತ್ತಿ. ಅದು ಅರ್ಧ ದಪ್ಪಕ್ಕೆ ಕುಗ್ಗಬೇಕು, ಬಿಟ್ಟ ಕೂಡಲೇ ಮೊದಲಿನಂತಾಗಬೇಕು. ಕುಗ್ಗದಿದ್ದರೆ ಅದು ಬರೀ ಹವಾಯಿ ರಬ್ಬರ್. ಕುಗ್ಗಿ ಹಾಗೇ ಉಳಿದರೆ ತಿಂಗಳೊಳಗೆ ಚಪ್ಪಟೆಯಾಗುವ ಸ್ಪಂಜ್. ಮೊಳೆ ಒಂದೂ ಇರಕೂಡದು.

ಒಂದೆರಡು ಬೆರಳು ಅಥವಾ ಮುಂಪಾದವೇ ಹೋಗಿದ್ದರೆ ಖಾಲಿ ಜಾಗವನ್ನು ಬಟ್ಟೆಯಿಂದ ತುಂಬಬೇಡಿ, ಗಂಟು ಕಟ್ಟಿ ಹುಣ್ಣಾಗುತ್ತದೆ. ಪಾದದ ಅಚ್ಚು ತೆಗೆದು, ಒಳಮೆತ್ತೆಗೇ ಅಂಟಿದಂತೆ ಮೆತ್ತನೆಯ ತುಂಬುತುಂಡು ಮಾಡಿಸಬೇಕು. ಮುಂಪಾದ ಇಲ್ಲದವರಿಗೆ ಅಟ್ಟೆ ಸುಲಭವಾಗಿ ಮಡಚಬಾರದು. ಗಟ್ಟಿಯಾಗಿದ್ದು, ಮುಂತುದಿ ಸ್ವಲ್ಪ ಮೇಲಕ್ಕೆ ಬಾಗಿ ಉರುಳುವಂತಿರಬೇಕು. ಇದು ಕೃತಕ ಅಂಗ ತಯಾರಿಸುವ ಕೇಂದ್ರದ ಕೆಲಸ, ಬೀದಿಬದಿಯದಲ್ಲ.

ಹೊಸ ಚಪ್ಪಲಿಯನ್ನು ಮೊದಲ ದಿನ ಅರ್ಧ ಗಂಟೆ ಹಾಕಿ, ಬಿಚ್ಚಿ, ಪಾದ ನೋಡಿ. ಅಂಗಾಲು ನೋಡಲು ಕನ್ನಡಿಯೋ ಮನೆಯವರೋ ನೆರವಾಗಲಿ. ಕೆಂಪು ಕಲೆ ಅರ್ಧ ಗಂಟೆಯಾದರೂ ಮಾಸದಿದ್ದರೆ ಆ ಚಪ್ಪಲಿ ನಿಮ್ಮದಲ್ಲ. ಮಾಸಿದರೆ ದಿನಕ್ಕೆ ಅರ್ಧರ್ಧ ಗಂಟೆ ಹೆಚ್ಚಿಸುತ್ತಾ ಹೋಗಿ. ಹಾಕುವ ಮೊದಲು ಪ್ರತಿ ಸಲವೂ ಒಳಗೆ ಕೈಯಾಡಿಸಿ, ಕಲ್ಲಿನ ಚೂರೋ ಎದ್ದ ಹೊಲಿಗೆಯೋ ಇದೆಯಾ ನೋಡಿ.

ಹೊಲಿಯುವವರ ಹತ್ತಿರ ಹೋಗುವಾಗ

ಬಸ್ ನಿಲ್ದಾಣದ ಪಕ್ಕದ ಕುಟೀರದಲ್ಲಿ ಕೂತು ಚಪ್ಪಲಿ ಹೊಲಿಯುವವರ ಕೈಯಲ್ಲಿ, ದೊಡ್ಡ ಮಳಿಗೆಯ ನೌಕರರಿಗೆ ಗೊತ್ತಿಲ್ಲದ ವಿದ್ಯೆ ಇದೆ. ಅವರಿಗೆ ಬೇಕಾದದ್ದು ಸ್ಪಷ್ಟ ಸೂಚನೆ. "ಸ್ವಲ್ಪ ಎತ್ತರ ಮಾಡಿ" ಎಂದರೆ ಅವರ ಅಂದಾಜು, ನಿಮ್ಮ ಬೆನ್ನುನೋವು. ಅಳತೆ ಬರೆದ ಚೀಟಿ ಕೊಟ್ಟು ಹೀಗೆ ಹೇಳಿ: "ಅಣ್ಣಾ, ಹಿಂದೆ ಎರಡು ಸೆಂಟಿಮೀಟರ್, ಮುಂದೆ ಬರ್ತಾ ಬರ್ತಾ ಒಂದು. ತುದಿ ಸ್ವಲ್ಪ ಮೇಲಕ್ಕೆ ತೇಯ್ದುಬಿಡಿ. ಮೊಳೆ ಹೊಡೀಬೇಡಿ, ಸಲ್ಯೂಷನ್ ಹಾಕಿ ಸುತ್ತಲೂ ಹೊಲಿಗೆ ಹಾಕಿ."

ಎತ್ತರಕ್ಕೆ ಟೈರ್ ತುಂಡು ಬೇಡ, ಭಾರವಾಗುತ್ತದೆ. ಹಗುರ ಇವಿಎ ಶೀಟುಗಳನ್ನು ಪದರ ಪದರವಾಗಿ ಅಂಟಿಸಿ, ನೆಲಕ್ಕೆ ತಾಗುವ ಕೊನೆಯ ಪದರಕ್ಕೆ ಮಾತ್ರ ಹಿಡಿತದ ರಬ್ಬರ್ ಹಾಕಿಸಿ. ಆ ಕೊನೆಯ ಪದರ ಸವೆದಾಗ ಅದನ್ನಷ್ಟೇ ಬದಲಿಸಿದರೆ ಮೇಲಿನದೆಲ್ಲ ಉಳಿಯುತ್ತದೆ. ಹೊಸ ಶೂ ಮೇಲೆ ಪ್ರಯೋಗ ಮಾಡಿಸುವ ಮುನ್ನ ಹಳೆಯದೊಂದರ ಮೇಲೆ ಮಾಡಿಸಿ ನಡೆದು ನೋಡುವುದು ಜಾಣತನ.

ಹೇಳಿ ಮಾಡಿಸುವುದಾದರೆ ಉತ್ತರ ಕರ್ನಾಟಕದವರಿಗೆ ಅಥಣಿ, ನಿಪ್ಪಾಣಿ ಕಡೆಯ ಕುಶಲಕರ್ಮಿಗಳಿದ್ದಾರೆ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಾಗ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಅದರಲ್ಲಿ ಸೇರಿದವು. ಚರ್ಮದ ದಾರದಲ್ಲೇ ಹೊಲಿಯುವ, ಮೊಳೆಯಿಲ್ಲದ ಕೆಲಸ ಅದು. ಎಡಬಲಕ್ಕೆ ಬೇರೆ ಬೇರೆ ಅಳತೆ ಕೊಟ್ಟರೆ ಕೈಯಲ್ಲಿ ಕೊಯ್ಯುವವರಿಗೆ ಅದು ಕಷ್ಟವಲ್ಲ. ಆದರೆ ಆ ಗಟ್ಟಿ ಚರ್ಮದ ಅಟ್ಟೆ ಸ್ಪರ್ಶವಿಲ್ಲದ ಪಾದಕ್ಕೆ ಖಂಡಿತ ಸಲ್ಲದು. ರಾಜ್ಯ ಸರ್ಕಾರದ ಲಿಡ್ಕರ್ ಚರ್ಮ ಕುಶಲಕರ್ಮಿಗಳ ಜೊತೆ ಕೆಲಸ ಮಾಡುವ ನಿಗಮ. ಹತ್ತಿರದ ಲಿಡ್ಕರ್ ಮಳಿಗೆಯಲ್ಲಿ, ಅಳತೆಗೆ ಮಾಡಿಕೊಡುವವರು ಯಾರಿದ್ದಾರೆ ಎಂದು ವಿಚಾರಿಸಬಹುದು.

ಉಳಿದ ಒಂಟಿಗೆ ಒಡೆಯ ಯಾರು

ಎಡ 6, ಬಲ 8 ಇರುವವರು ಎರಡು ಜೋಡಿ ಕೊಂಡರೆ ಎಡ 8, ಬಲ 6 ಉಳಿಯುತ್ತವೆ. ಇದೇ ಅಳತೆಯ ಪಾದ ಇರುವವರೊಬ್ಬರು ನಿಮ್ಮ ತಾಲ್ಲೂಕಿನಲ್ಲೋ ಪಕ್ಕದ ಜಿಲ್ಲೆಯಲ್ಲೋ ಇರಬಹುದು. ಇಬ್ಬರೂ ಕೂಡಿ ಎರಡು ಜೋಡಿ ಕೊಂಡರೆ ತಲಾ ಒಂದು ಜೋಡಿಯ ಬೆಲೆಗೆ ಕೆಲಸ ಮುಗಿಯಿತು. ಎಡಗಾಲು ಇಲ್ಲದೆ ಊರುಗೋಲಲ್ಲಿ ನಡೆಯುವವರಿಗೂ ಬಲಗಾಲು ಇಲ್ಲದವರಿಗೂ ಒಂದೇ ಜೋಡಿ ಸಾಕು, ಸೈಜ್ ಒಂದೇ ಆಗಿದ್ದರೆ. ಅಮೆರಿಕದಲ್ಲಿ ಪೋಲಿಯೊದಿಂದ ಪಾದಗಳ ಅಳತೆ ಬೇರೆಯಾಗಿದ್ದ ಮಹಿಳೆಯೊಬ್ಬರು 1943ರಲ್ಲೇ ಇಂಥ ವಿನಿಮಯ ಕೂಟ ಕಟ್ಟಿದ್ದರು.

ನಮ್ಮಲ್ಲಿ ಅದಕ್ಕೆ ಹೊಸ ಸಂಘ ಕಟ್ಟಬೇಕಾಗಿಲ್ಲ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ವಿಆರ್‌ಡಬ್ಲ್ಯು, ಎಂಆರ್‌ಡಬ್ಲ್ಯು ಎಂದರೆ ಪಂಚಾಯಿತಿಯಲ್ಲಿ ಯಾರಾದರೂ ತೋರಿಸುತ್ತಾರೆ. ತಮ್ಮ ವ್ಯಾಪ್ತಿಯ ಅಂಗವಿಕಲರ ಪರಿಚಯ ಅವರಿಗಿರುತ್ತದೆ, ಎಷ್ಟೋ ಕಡೆ ವಾಟ್ಸ್ಯಾಪ್ ಗುಂಪೂ ಇರುತ್ತದೆ. "ನನಗೆ ಎಡ 6, ಬಲ 8, ಗಂಡಸರ ಕಪ್ಪು ಶೂ" ಎಂಬ ಒಂದು ಸಾಲು ಅಲ್ಲಿ ಹಾಕಿಸಿ. ಹೆಸರು, ಊರು ಬೇಡವೆನಿಸಿದರೆ ಕಾರ್ಯಕರ್ತರ ಮೂಲಕವೇ ಮಾತು ನಡೆಯಲಿ.

ಮಕ್ಕಳಿಗೆ ಶಾಲೆಯಲ್ಲೇ ದಾರಿ

ಸರ್ಕಾರಿ ಶಾಲೆಯ ಮಕ್ಕಳಿಗೆ ವಿದ್ಯಾವಿಕಾಸ ಯೋಜನೆಯಲ್ಲಿ ಒಂದು ಜೊತೆ ಶೂ, ಎರಡು ಜೊತೆ ಸಾಕ್ಸ್ ಬರುತ್ತದೆ. ಖರೀದಿ ಮಾಡುವುದು ಶಾಲಾಭಿವೃದ್ಧಿ ಸಮಿತಿ. ಹತ್ತಾರು ಜೋಡಿ ಒಬ್ಬರೇ ವ್ಯಾಪಾರಿಯಿಂದ ತರುವಾಗ ಒಂದು ಮಗುವಿಗೆ ಎರಡು ಸೈಜ್ ಬೆರೆಸಿ ಕೊಡಿಸುವುದು, ಒಬ್ಬ ಪೋಷಕ ಅಂಗಡಿಗೆ ಹೋಗಿ ಕೇಳುವುದಕ್ಕಿಂತ ಎಷ್ಟೋ ಸುಲಭ. ಮಕ್ಕಳ ಅಳತೆ ತೆಗೆಯುವ ಮೊದಲೇ ಮುಖ್ಯ ಶಿಕ್ಷಕರಿಗೆ ಎರಡೂ ಪಾದಗಳ ಅಳತೆಯ ಚೀಟಿ ಕೊಡಿ. ಶೂ ಬಂದ ಮೇಲೆ ಕೇಳಿದರೆ ತಡವಾಯಿತು. ಮಗುವಿನ ಎರಡು ಪಾದಗಳು ಒಂದೇ ವೇಗದಲ್ಲಿ ಬೆಳೆಯುವುದಿಲ್ಲ. ಪ್ರತಿ ವರ್ಷ ಹೊಸದಾಗಿ ಅಳೆಯಿರಿ.

ಉಚಿತವಾಗಿ ಅಥವಾ ಕಡಿಮೆಗೆ ಎಲ್ಲಿ

ಕೇಂದ್ರ ಸರ್ಕಾರದ ಎಡಿಐಪಿ ಯೋಜನೆಯಲ್ಲಿ ಕೃತಕ ಕಾಲು, ಕ್ಯಾಲಿಪರ್ ಮೊದಲಾದ ಸಾಧನಗಳು ಸಿಗುತ್ತವೆ. ಶೇ 40 ಅಥವಾ ಹೆಚ್ಚಿನ ಅಂಗವಿಕಲತೆ ಪ್ರಮಾಣಪತ್ರ ಇರಬೇಕು. ತಿಂಗಳ ಆದಾಯ 22,500 ರೂಪಾಯಿ ಒಳಗಿದ್ದರೆ ಪೂರ್ತಿ ಉಚಿತ, 30,000 ರೂಪಾಯಿವರೆಗೆ ಅರ್ಧ ವೆಚ್ಚ. ಕಾನ್ಪುರದ ಅಲಿಮ್ಕೊ ಸಂಸ್ಥೆ ತಾಲ್ಲೂಕು, ಜಿಲ್ಲೆಗಳಲ್ಲಿ ಅಳತೆ ಶಿಬಿರ ನಡೆಸುತ್ತದೆ. ಅಳತೆಯ ದಿನವೇ "ಶೂ ಕೂಡ ಬೇಕು, ಅಟ್ಟೆ ಎತ್ತರಿಸಬೇಕು" ಎಂದು ಬರೆಸಿ. ಕ್ಯಾಲಿಪರ್ ಬಂದು ಶೂ ಬಾರದೆ ಮೂಲೆ ಸೇರಿದ ಉದಾಹರಣೆಗಳು ಕಡಿಮೆಯಿಲ್ಲ. ಒಂದೆರಡು ಬೆರಳು ಮಾತ್ರ ಕಳೆದುಕೊಂಡವರಿಗೆ ಶೇ 40 ಸಿಗುವುದು ಕಷ್ಟ. ಅವರು ಸಂಘಸಂಸ್ಥೆಗಳನ್ನೇ ನೋಡಬೇಕಾದೀತು.

ಕುಷ್ಠರೋಗದಿಂದ ಪಾದದ ಸ್ಪರ್ಶ ಹೋದವರಿಗೆ ರಾಷ್ಟ್ರೀಯ ಕುಷ್ಠರೋಗ ನಿರ್ಮೂಲನಾ ಕಾರ್ಯಕ್ರಮದಡಿ ಎಂಸಿಆರ್ ಚಪ್ಪಲಿ ಉಚಿತ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹೆಸರು ಬರೆಸಿ, ಅಳತೆ ಕೊಡಿ. ಗ್ರಾಮ ಪಂಚಾಯಿತಿಯ ಸ್ವಂತ ಸಂಪನ್ಮೂಲದಲ್ಲಿ ಅಂಗವಿಕಲರಿಗೆಂದು ಶೇ 5ರಷ್ಟು ಮೀಸಲಿಡಬೇಕೆಂಬ ನಿಯಮವಿದೆ. ವಿಶೇಷ ಪಾದರಕ್ಷೆಗೆ ಅದರಲ್ಲಿ ನೆರವು ಕೋರಿ ಅರ್ಜಿ ಕೊಡಬಹುದು; ವೈದ್ಯರ ಚೀಟಿ, ದರಪಟ್ಟಿ ಜೊತೆಗಿರಲಿ.

ಕೃತಕ ಕಾಲಿಗೂ ಅದಕ್ಕೆ ತಕ್ಕ ಶೂ ಸಲಹೆಗೂ ಬೆಂಗಳೂರಿನ ಮೊಬಿಲಿಟಿ ಇಂಡಿಯಾ, ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸಬಿಲಿಟಿ, ಕರ್ನಾಟಕ ಮಾರವಾಡಿ ಯೂತ್ ಫೆಡರೇಷನ್‌ನ ಕೃತಕ ಕಾಲು ಕೇಂದ್ರ, ಹುಬ್ಬಳ್ಳಿಯ ಮಹಾವೀರ ಲಿಂಬ್ ಸೆಂಟರ್ ಇವೆ. ಹೊರಡುವ ಮುನ್ನ ಫೋನ್ ಮಾಡಿ, ಅಳತೆಯ ದಿನ ಯಾವುದು, ದಾಖಲೆ ಏನು ಬೇಕು ಕೇಳಿಕೊಂಡರೆ ಸುತ್ತಾಟ ತಪ್ಪುತ್ತದೆ.

ವಿದೇಶದಲ್ಲಿರುವ ಕನ್ನಡಿಗರಿಗೂ ಒಂದು ಮಾತು. ಅಮೆರಿಕದ ನಾರ್ಡ್‌ಸ್ಟ್ರಾಮ್ ಮಳಿಗೆಗಳು ಎರಡು ಪಾದಗಳ ನಡುವೆ ಒಂದೂವರೆ ಸೈಜ್ ಅಥವಾ ಹೆಚ್ಚು ವ್ಯತ್ಯಾಸವಿದ್ದರೆ ಒಂದೇ ಜೋಡಿಯ ಬೆಲೆಗೆ ಎರಡು ಸೈಜ್ ಬೆರೆಸಿ ಕೊಡುವುದಕ್ಕೆ ಹೆಸರಾಗಿವೆ. ಜ್ಯಾಪೋಸ್ ಎಂಬ ಆನ್‌ಲೈನ್ ಅಂಗಡಿ 2020ರಲ್ಲಿ ಒಂಟಿ ಶೂ, ಬೇರೆ ಬೇರೆ ಸೈಜಿನ ಶೂ ಮಾರುವ ಪ್ರಯೋಗ ಆರಂಭಿಸಿತ್ತು. ನಮ್ಮ ಆನ್‌ಲೈನ್ ಅಂಗಡಿಗಳಲ್ಲಿ ಎರಡು ಸೈಜ್ ತರಿಸಿ, ಬೆರೆಸಿದ ಜೋಡಿಯನ್ನು ವಾಪಸ್ ಕಳಿಸುವ ಯೋಚನೆ ಮಾತ್ರ ಬೇಡ. ಅದು ಇನ್ನೊಬ್ಬ ಗಿರಾಕಿಗೆ ಮೋಸ, ನಿಮ್ಮ ಖಾತೆಗೂ ಕುತ್ತು.

ಅಂಗಡಿಯವರಿಗೆ

ಈ ಲೇಖನ ಓದುವ ಚಪ್ಪಲಿ ವ್ಯಾಪಾರಿಗಳಿದ್ದರೆ ಅವರು ಮಾಡಬಹುದಾದದ್ದು ಸುಲಭ. ಗಲ್ಲಾದ ಪಕ್ಕ ಒಂದು ನೋಟ್‌ಬುಕ್ ಇಡಿ. ಜೋಡಿ ಒಡೆದು ಕೇಳುವ ಗಿರಾಕಿಯ ಫೋನ್ ನಂಬರ್, ಎಡದ ಸೈಜ್, ಬಲದ ಸೈಜ್ ಬರೆದುಕೊಳ್ಳಿ. ಅವರಿಗೆ ಎರಡು ಜೋಡಿ ಮಾರಿದ ದಿನ ಉಳಿದ ಒಂಟಿಗಳನ್ನೂ ಅದೇ ಪುಟದಲ್ಲಿ ಗುರುತು ಮಾಡಿ. ವರ್ಷದೊಳಗೆ ಅದಕ್ಕೆ ತಿರುಗುಮುರುಗಾದ ಅಳತೆಯವರು ಬಂದರೆ, ನಿಮಗೆ ವ್ಯಾಪಾರ, ಇಬ್ಬರಿಗೂ ಉಳಿತಾಯ. ಗಿರಾಕಿಗಳು ಇಂಥ ಪುಟ ಇದೆಯಾ ಎಂದು ಕೇಳಿ, ಇಲ್ಲದಿದ್ದರೆ ಮೊದಲ ಹೆಸರು ತಮ್ಮದೇ ಬರೆಸಲಿ.